ಮಳೆಗಾಲಕ್ಕೆ ಮೊದಲು ಲಾರಿ ಬ್ಯಾಟರಿ: ಯಾವುದು ಹಾಕಿಸೋದು, ಯಾವಾಗ ಬದಲಿಸೋದು?

ಮೇ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಬ್ಯಾಟರಿಯದೇ. ಕಾರವಾರದಲ್ಲಿ ಮೀನು ಲಾರಿ ಇಟ್ಟವರು, ಕುಮಟಾ ಕಡೆ ಚಿರೆಕಲ್ಲು ಹೊಡೆಯುವ ಟಿಪ್ಪರ್‌ನವರು, ಶಿರಸಿಯಲ್ಲಿ ಅಡಿಕೆ ಚೀಲ ಸಾಗಿಸುವ ಪಿಕಪ್‌ನವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ. "ಬ್ಯಾಟರಿಗೆ ಎರಡೂವರೆ ವರ್ಷ ಆಯ್ತು, ಈ ಮಳೆಗಾಲ ದಾಟುತ್ತಾ? ಹೊಸದು ಹಾಕಿಸೋದಾದ್ರೆ ನೀರು ಹಾಕೋದಾ, ಸೀಲ್ ಆಗಿರೋದಾ? ಒಂದೇ ಬದಲಿಸಿದ್ರೆ ನಡೆಯುತ್ತಾ?"

ಅಂಕೋಲೆಯಲ್ಲಿ ನಮ್ಮ ಮನೆಯಲ್ಲಿ ಲಾರಿ ಇರುವುದು ನಾನು ಹುಟ್ಟುವ ಮೊದಲಿನಿಂದ. ಈಗ ಅವುಗಳ ಖರ್ಚು, ರಿಪೇರಿ ಎಲ್ಲ ನೋಡಿಕೊಳ್ಳುವುದು ನಾನೇ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿದ್ದು ಇಷ್ಟು: ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂದು ಕೇಳುವ ಮೊದಲು, ನಿಮ್ಮ ಗಾಡಿ ವರ್ಷಕ್ಕೆ ಎಷ್ಟು ದಿನ ಸುಮ್ನೆ ನಿಂತಿರುತ್ತದೆ ಎಂದು ಕೇಳಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಓಡಿ ಸತ್ತ ಬ್ಯಾಟರಿಗಿಂತ ನಿಂತು ಸತ್ತ ಬ್ಯಾಟರಿಯನ್ನೇ ನಾನು ಜಾಸ್ತಿ ನೋಡಿದ್ದೇನೆ.

ಯಾವುದನ್ನು ನೋಡಿ ಆರಿಸಬೇಕು?

ಅಂಗಡಿಗೆ ಹೋಗುವ ಮೊದಲು ನಿಮ್ಮ ಗಾಡಿಯ ನಾಲ್ಕು ವಿಷಯ ತಿಳಿದಿರಲಿ.

ಮೊದಲನೆಯದು, ಈಗಷ್ಟೇ ಹೇಳಿದ್ದು, ನಿಲ್ಲುವ ದಿನಗಳು. ನಮ್ಮ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಒಟ್ಟು 61 ದಿನ. ಬೋಟು ದಡ ಸೇರಿದರೆ ಎಷ್ಟೋ ಮೀನು ಲಾರಿಗಳೂ ಮನೆ ಸೇರುತ್ತವೆ. ಗಾಡಿ ಬಂದ್ ಮಾಡಿದರೂ ಜಿಪಿಎಸ್, ಟೇಪಿನ ಗಡಿಯಾರ, ಇಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಎಲ್ಲ ಸೇರಿ ಬರೀ 50 ಮಿಲಿ ಆಂಪ್ ಎಂದೇ ಇಟ್ಟುಕೊಳ್ಳಿ. ದಿನಕ್ಕೆ 1.2 ಆಂಪ್ ಅವರ್ ಆಯಿತು. 61 ದಿನಕ್ಕೆ 73. ನಿಮ್ಮದು 100 ಆಂಪ್ ಅವರ್ ಬ್ಯಾಟರಿಯಾದರೆ ಮುಕ್ಕಾಲು ಭಾಗ ಹಾಗೇ ಹೋಯಿತು. ಬ್ಯಾಟರಿ ತಾನಾಗಿಯೇ ಇಳಿಯುವುದು ಬೇರೆ. ಹೀಗೆ ಇಳಿದು ಹಾಗೇ ಉಳಿದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜಿಗೆ ಹಾಕಿದರೂ ಅದು ಪೂರ್ತಿ ಬಿಡುವುದಿಲ್ಲ.

ಎರಡನೆಯದು ಬಿಸಿ. ಬ್ಯಾಟರಿ ಹೆಚ್ಚು ದಿನ 25 ಡಿಗ್ರಿಯ ಬದಲು 35 ಡಿಗ್ರಿಯಲ್ಲಿದ್ದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರ ಅಂದಾಜು ಲೆಕ್ಕ. ನಮ್ಮ ಏಪ್ರಿಲ್, ಮೇ ಸೆಕೆಯ ಜೊತೆಗೆ ಇಂಜಿನ್ ಬಿಸಿಯೂ ಸೇರುತ್ತದೆ. ಬೇಸಿಗೆಯಲ್ಲಿ ಒಳಗೊಳಗೇ ಹಾಳಾದ ಬ್ಯಾಟರಿ ಮಳೆಗಾಲದಲ್ಲಿ ಕೈ ಕೊಡುತ್ತದೆ. ವೈಪರು, ಹೆಡ್‌ಲೈಟು ಎಲ್ಲ ಒಟ್ಟಿಗೆ ಬೇಕಾಗುವ ಹೊತ್ತು ಅದೇ ಅಲ್ವಾ.

ಮೂರನೆಯದು ಕುಲುಕಾಟ. ದೇವಿಮನೆ, ಅರಬೈಲು ಘಾಟಿ ಹತ್ತಿ ಇಳಿಯುವ ಗಾಡಿ ಬೇರೆ, ಚಿರೆಕಲ್ಲು ಪಣೆಯ ಗುಂಡಿ ರಸ್ತೆಯಲ್ಲೇ ದಿನಗಟ್ಟಲೆ ಓಡುವ ಟಿಪ್ಪರ್ ಬೇರೆ. ಕುಲುಕಿದಷ್ಟೂ ಪ್ಲೇಟಿನ ಮಸಾಲೆ ಉದುರಿ ತಳದಲ್ಲಿ ಕೂರುತ್ತದೆ. ಅದು ಪ್ಲೇಟಿನ ಮಟ್ಟಕ್ಕೆ ಏರಿದರೆ ಸೆಲ್ (ಬ್ಯಾಟರಿಯೊಳಗಿನ ಆರು ಖಾನೆಗಳಲ್ಲಿ ಒಂದು) ಶಾರ್ಟ್. ಬ್ಯಾಟರಿ ಹಿಡಿದಿಡುವ ಕ್ಲಾಂಪಿನ ಬೋಲ್ಟು ಸಡಿಲವಾಗಿದ್ದರೆ ಎಂಥಾ ದುಬಾರಿ ಬ್ಯಾಟರಿಯೂ ಬಾಳುವುದಿಲ್ಲ.

ನಾಲ್ಕನೆಯದು, ನೀರು ನೋಡುವವರು ಯಾರು? ಬ್ಯಾಟರಿ ಮುಚ್ಚಳ ಬಿಚ್ಚಿ ನೋಡುವ ಡ್ರೈವರ್ ಇದ್ದಾನಾ, ಅಥವಾ ಆರು ತಿಂಗಳಿಗೊಮ್ಮೆ ಸರ್ವಿಸ್‌ಗೆ ಬಿಟ್ಟಾಗ ಮಾತ್ರ ಯಾರೋ ನೋಡುತ್ತಾರಾ? ಇದಕ್ಕೆ ನಿಮಗೆ ನೀವೇ ನಿಜ ಹೇಳಿಕೊಳ್ಳಿ. ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಬೆಲೆಯನ್ನು ಕೊನೆಗೆ ಇಟ್ಟಿದ್ದಕ್ಕೂ ಕಾರಣ ಇದೆ. ಬೆಲೆ ನೋಡುವಾಗ ತಿಂಗಳ ಲೆಕ್ಕ ಹಾಕಿ. ಲೆಕ್ಕ ಸುಲಭವಾಗಲಿ ಎಂದು ಒಂದು ಅಂಕಿ ಇಟ್ಟುಕೊಳ್ಳೋಣ. 9,000 ರೂಪಾಯಿಯ ಬ್ಯಾಟರಿ 36 ತಿಂಗಳು ಬಂದರೆ ತಿಂಗಳಿಗೆ 250. 12,000ದ್ದು 48 ತಿಂಗಳು ಬಂದರೂ ಅದೇ 250. ಅದೇ 4,000ಕ್ಕೆ ರಿಪೇರಿ ಬ್ಯಾಟರಿ ತಂದು ಅದು ಎಂಟು ತಿಂಗಳಿಗೆ ಮಲಗಿದರೆ ತಿಂಗಳಿಗೆ 500. ರಸ್ತೆಯಲ್ಲಿ ನಿಂತು ಕಳೆದ ಬಾಡಿಗೆ ಇದರಲ್ಲಿ ಸೇರಿಲ್ಲ.

ನೀರು ಹಾಕುವ ಬ್ಯಾಟರಿ

ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವ ಹಳೇ ನಮೂನೆ. ಚೆನ್ನಾಗಿ ನೋಡಿಕೊಂಡರೆ ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಬೆಲೆ ಕಡಿಮೆ, ಎಲ್ಲಾ ಊರಲ್ಲೂ ಸಿಗುತ್ತದೆ.

ಇದರಲ್ಲಿ ನನಗೆ ಇಷ್ಟವಾಗುವ ವಿಷಯ ಒಂದಿದೆ. ಕಾಯಿಲೆ ಎಲ್ಲಿದೆ ಎಂದು ಕಣ್ಣಾರೆ ನೋಡಬಹುದು. ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರಿನ ರಬ್ಬರ್ ಬಲ್ಬ್ ಒತ್ತಿ, ಒಂದೊಂದೇ ಸೆಲ್ಲಿನಿಂದ ನೀರು ಎಳೆದು, ಒಳಗೆ ತೇಲುವ ಗಾಜಿನ ಫ್ಲೋಟ್ ಎಲ್ಲಿ ನಿಲ್ಲುತ್ತದೆ ನೋಡಬೇಕು. ಕಳೆದ ವರ್ಷ ನಮ್ಮದೇ ಒಂದು ಬ್ಯಾಟರಿ ಹೀಗೆ ನೋಡಿದೆ. ಮೂರು ಸೆಲ್ಲಿನಲ್ಲಿ 1240ರ ಆಸುಪಾಸು ಬಂತು. ನಾಲ್ಕನೆಯದರಲ್ಲಿ ಫ್ಲೋಟ್ ಏಳಲೇ ಇಲ್ಲ, 1150ರ ಹತ್ತಿರ ಮುಳುಗಿ ಕೂತಿತು. ನೀರೂ ಕದಡಿದ ಕಂದು ಬಣ್ಣ. ಐದು, ಆರು ಮತ್ತೆ ಸರಿ. ಇಡೀ ಬ್ಯಾಟರಿಯನ್ನು ಕೆಡಿಸಿದ್ದು ಆ ಒಂದೇ ಸೆಲ್. ಸೆಲ್ ಸೆಲ್ಲಿನ ನಡುವೆ 50 ಪಾಯಿಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದು, ಪೂರ್ತಿ ಚಾರ್ಜ್ ಮಾಡಿದ ಮೇಲೂ ಹಾಗೇ ಉಳಿದರೆ ಬದಲಿಸಲೇಬೇಕು. ಈ ಪರೀಕ್ಷೆ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ಒಳಗಿರುವುದು ಆಸಿಡ್. ಹತ್ತಿರ ಬೀಡಿ ಹಚ್ಚಬಾರದು. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಇದರ ತೊಂದರೆ ಏನೆಂದರೆ ನೀರು. ಮಾರ್ಚಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಮಟ್ಟ ನೋಡಬೇಕು. ಪ್ಲೇಟ್ ಗಾಳಿಗೆ ತೆರೆದುಕೊಂಡರೆ ಅಷ್ಟು ಭಾಗ ಸತ್ತಂತೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ಕಡಲ ಬದಿಯ ಬಾವಿ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಅದು ಪ್ಲೇಟನ್ನು ತಿನ್ನುತ್ತದೆ. ನೀರು ಕಮ್ಮಿಯಾಗಿದೆ ಎಂದು ಆಸಿಡ್ ಸುರಿಯುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಆವಿಯಾಗಿ ಹೋಗಿದ್ದು ನೀರು ಮಾತ್ರ, ಆಸಿಡ್ ಒಳಗೇ ಇದೆ.

ಸೀಲ್ ಬ್ಯಾಟರಿ

ಮೇಂಟೆನೆನ್ಸ್ ಫ್ರೀ ಎಂದು ಮಾರುವುದು ಇದನ್ನೇ. ಪ್ಲೇಟಿನ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿರುವುದರಿಂದ ನೀರು ಆವಿಯಾಗುವುದು ಕಡಿಮೆ. ನಿಂತಲ್ಲೇ ಇಳಿಯುವುದೂ ನಿಧಾನ. ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ ಬರುತ್ತದೆ. ಆಸಿಡ್ ಹೊರಗೆ ಬರುವುದು ಕಮ್ಮಿಯಾದ್ದರಿಂದ ಟರ್ಮಿನಲ್ಲಿಗೆ ಹೂವು (ಬಿಳಿ, ಹಸಿರು ಕಿಲುಬು) ಹಿಡಿಯುವುದೂ ಕಮ್ಮಿ. ಉಪ್ಪುಗಾಳಿಯ ಊರಿಗೆ ಇದು ದೊಡ್ಡ ಲಾಭ.

ಆದರೆ ಇದು ಪೂರ್ತಿ ಇಳಿಯುವುದನ್ನು ಸಹಿಸುವುದಿಲ್ಲ. ಎರಡು ಮೂರು ಸಲ ತಳ ಕಂಡರೆ ಮೊದಲಿನ ಶಕ್ತಿ ಮತ್ತೆ ಬರುವುದಿಲ್ಲ. ನೀರಿನ ಬ್ಯಾಟರಿ ಇಂಥ ಪೆಟ್ಟನ್ನು ಇದಕ್ಕಿಂತ ಸ್ವಲ್ಪ ಚೆನ್ನಾಗಿ ತಾಳಿಕೊಳ್ಳುತ್ತದೆ. ಇನ್ನೊಂದು, ಮೇಲೆ ಕಾಣುವ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ಆರು ಸೆಲ್ಲಿನಲ್ಲಿ ಒಂದರ ಸ್ಥಿತಿ ಮಾತ್ರ ಹೇಳುತ್ತದೆ. ಹಸಿರು ಇದ್ದೂ ಸೆಲ್ಫ್ ತಗೊಳ್ಳದ ಗಾಡಿಗಳು ಬೇಕಾದಷ್ಟಿವೆ.

ಹಳೇ ಲಾರಿಗೆ ಸೀಲ್ ಬ್ಯಾಟರಿ ಹಾಕಿಸುವ ಮೊದಲು ಆಲ್ಟರ್ನೇಟರ್ ಚಾರ್ಜಿಂಗ್ ಅಳತೆ ಮಾಡಿಸಿ. ಎರಡು ಬ್ಯಾಟರಿಯ 24 ವೋಲ್ಟ್ ಗಾಡಿಯಲ್ಲಿ ಇಂಜಿನ್ ಓಡುವಾಗ ಸುಮಾರು 27.6ರಿಂದ 28.8 ಬರಬೇಕು. ಒಂದೇ ಬ್ಯಾಟರಿಯ ಪಿಕಪ್‌ನಲ್ಲಿ ಇದರ ಅರ್ಧ. ಇದಕ್ಕಿಂತ ತುಂಬಾ ಮೇಲೆ ಹೋದರೆ ಒಳಗಿನ ನೀರು ಕುದಿದು ಹೋಗುತ್ತದೆ, ಮತ್ತೆ ತುಂಬಲು ಮುಚ್ಚಳವೇ ಇಲ್ಲ.

ಎಜಿಎಂ ಮತ್ತು ಉಳಿದವು

ಎಜಿಎಂನಲ್ಲಿ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ. ಕುಲುಕಾಟಕ್ಕೆ ಜಗ್ಗುವುದಿಲ್ಲ, ಪದೇ ಪದೇ ಇಳಿದು ಏರುವುದನ್ನೂ ಸಹಿಸುತ್ತದೆ. ಬೆಲೆ ಮಾತ್ರ ಸಾಮಾನ್ಯ ಬ್ಯಾಟರಿಯ ಸುಮಾರು ದುಪ್ಪಟ್ಟು. ಜಾಸ್ತಿ ಚಾರ್ಜಿಂಗ್ ಮತ್ತು ಇಂಜಿನ್ ಬಿಸಿ ಇದಕ್ಕೆ ಆಗಿಬರುವುದಿಲ್ಲ. ರಾತ್ರಿ ಕ್ಯಾಬಿನ್ನಿನಲ್ಲೇ ಮಲಗಿ ಫ್ಯಾನು, ಲೈಟು ಹಾಕಿಕೊಳ್ಳುವ ದೂರದ ಓಟದ ಹೊಸ ಗಾಡಿಗೆ ದುಡ್ಡು ಸಾರ್ಥಕ. ಹತ್ತು ವರ್ಷದ ಹಳೇ ಲಾರಿಗೆ ಇದನ್ನು ಹಾಕಿಸಿ ಎಂದು ನಾನು ಹೇಳುವುದಿಲ್ಲ.

ಲಿಥಿಯಂ ಬಗ್ಗೆಯೂ ಈಚೆಗೆ ಕೇಳುತ್ತಾರೆ. ಹಗುರ, ದೀರ್ಘಾಯುಷಿ, ನಿಜ. ಆದರೆ ಸೀಸದ ಬ್ಯಾಟರಿಗೆಂದು ಮಾಡಿದ ಚಾರ್ಜಿಂಗ್ ವ್ಯವಸ್ಥೆಗೆ ಅದನ್ನು ಹಾಗೇ ಜೋಡಿಸುವುದು ಸರಿಯಲ್ಲ. ಸದ್ಯಕ್ಕೆ ಸೆಲ್ಫ್ ಹೊಡೆಯುವ ಕೆಲಸಕ್ಕೆ ಬೇಡ.

ರಿಪೇರಿ ಮಾಡಿದ ಬ್ಯಾಟರಿ ಒಂದೇ ಸಂದರ್ಭಕ್ಕೆ ಆಗಬಹುದು. ಗಾಡಿ ಮಾರುವುದು ನಿಕ್ಕಿಯಾಗಿದೆ, ಇನ್ನೆರಡು ತಿಂಗಳು ಹೇಗೋ ಓಡಬೇಕು, ಅದೂ ಊರೊಳಗೆ. ಘಾಟಿ ಹತ್ತುವ ಗಾಡಿಗೆ ಖಂಡಿತ ಬೇಡ.

ಒಂದು ಬದಲಿಸೋದಾ, ಎರಡೂನಾ?

ಈ ಪ್ರಶ್ನೆಗೆ ನಮ್ಮ ಮಾವನ ಲಾರಿಯೇ ಉತ್ತರ ಕೊಟ್ಟಿತು. 24 ವೋಲ್ಟಿನ ಹಳೇ ಗಾಡಿ. ಒಂದು ಬ್ಯಾಟರಿ ಹೋಯಿತು ಎಂದು ಅದೊಂದನ್ನೇ ಹೊಸದು ಹಾಕಿಸಿದರು. ಇನ್ನೊಂದು ಎರಡು ವರ್ಷ ಹಳತು. ಎಂಟು ತಿಂಗಳು ಕಳೆದಿತ್ತು. ಜುಲೈನ ಒಂದು ರಾತ್ರಿ ಶಿರಸಿಯಿಂದ ಅಡಿಕೆ ಲೋಡು ಹಾಕಿಕೊಂಡು ದೇವಿಮನೆ ಘಾಟಿ ಇಳಿಯುವಾಗ ಮುಂದೆ ಮರ ಬಿದ್ದು ರಸ್ತೆ ಬಂದ್. ಇಂಜಿನ್ ಬಂದ್ ಮಾಡಿ, ಪಾರ್ಕಿಂಗ್ ಲೈಟ್ ಹಾಕಿಕೊಂಡು ಎರಡು ತಾಸು ಕಾದರು. ಮರ ತೆಗೆದ ಮೇಲೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಅಷ್ಟೇ. ಅಷ್ಟರಲ್ಲಿ ಏರ್ ಇಳಿದು ಬ್ರೇಕೂ ಹಿಡಿದಿತ್ತು, ನೂಕುವ ಮಾತೇ ಇಲ್ಲ. ಪಿಕಪ್‌ನವನೊಬ್ಬ ಸಹಾಯಕ್ಕೆ ನಿಂತ, ಆದರೆ 12 ವೋಲ್ಟಿನ ಗಾಡಿಯಿಂದ 24ಕ್ಕೆ ಜಂಪ್ ಕೊಡುವಂತಿಲ್ಲ. ಬೆಳಗಿನ ಜಾವ ಇನ್ನೊಂದು ಲಾರಿ ಬರುವ ತನಕ ಮಾವ, ಕ್ಲೀನರ್ ಇಬ್ಬರೂ ಮಳೆಯಲ್ಲಿ ಟಾರ್ಪಾಲು ಕಾಯುತ್ತಾ ಕೂತರು.

ಆಮೇಲೆ ನೋಡಿದರೆ ಎರಡು ತಪ್ಪು ಕಂಡವು. ಸರಣಿಯಲ್ಲಿ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದೇ ಕರೆಂಟು ಹರಿಯುತ್ತದೆ. ಹಳೆಯದರಲ್ಲಿ ಶಕ್ತಿ ಕಡಿಮೆ, ಅದು ಬೇಗ ಇಳಿದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. ಚಾರ್ಜ್ ಆಗುವಾಗಲೂ ಎರಡಕ್ಕೂ ಸರಿಯಾಗಿ ಹಂಚಿಕೆ ಆಗುವುದಿಲ್ಲ. ಎರಡನೆಯ ತಪ್ಪು ಇನ್ನೂ ದೊಡ್ಡದು. ಕ್ಯಾಬಿನ್ನಿನ ಟೇಪು, ಸಣ್ಣ ಫ್ಯಾನು, ಮೊಬೈಲ್ ಚಾರ್ಜರಿಗೆ ಎಲೆಕ್ಟ್ರಿಷಿಯನ್ ಒಬ್ಬರು ಒಂದೇ ಬ್ಯಾಟರಿಯಿಂದ 12 ವೋಲ್ಟ್ ವೈರ್ ಎಳೆದಿದ್ದರು. ದಿನಾ ಆ ಒಂದು ಬ್ಯಾಟರಿ ಮಾತ್ರ ಇಳಿಯುತ್ತಿತ್ತು, ಇನ್ನೊಂದು ಓವರ್‌ಚಾರ್ಜ್ ಆಗುತ್ತಿತ್ತು. ನಮ್ಮ ಕಡೆ ಹತ್ತು ಲಾರಿ ನೋಡಿದರೆ ಹಲವದರಲ್ಲಿ ಈ ವೈರ್ ಸಿಗುತ್ತದೆ. ನಿಮ್ಮ ಗಾಡಿಯಲ್ಲೂ ಇದ್ದರೆ ಹೊಸ ಬ್ಯಾಟರಿಗಿಂತ ಮೊದಲು 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಬ್ಯಾಟರಿಯ ಬೆಲೆಯ ಎದುರು ಅದು ಸಣ್ಣ ಖರ್ಚು.

ಹಾಗಾಗಿ ಜೋಡಿಯನ್ನು ಒಟ್ಟಿಗೇ ಬದಲಿಸಿ. ಒಂದೇ ಕಂಪನಿ, ಒಂದೇ ಆಂಪ್ ಅವರ್, ತಯಾರಾದ ತಿಂಗಳೂ ಆದಷ್ಟು ಹತ್ತಿರದ್ದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ, ಒಂದು ದುಬಾರಿ ಬ್ಯಾಟರಿಗಿಂತ ನೀರು ಹಾಕುವ ಎರಡು ಸಾಮಾನ್ಯ ಬ್ಯಾಟರಿ ತಗೊಳ್ಳಿ. ಇರುವ ಜೋಡಿಗೆ ಆರು ತಿಂಗಳೂ ತುಂಬಿಲ್ಲ, ಅದರಲ್ಲಿ ಒಂದು ಏಟು ತಿಂದು ಒಡೆಯಿತು ಎಂದಾದರೆ ಮಾತ್ರ ಒಂದನ್ನೇ ಬದಲಿಸಬಹುದು.

ಬದಲಿಸುವ ಹೊತ್ತು ಬಂತೇ?

ವರ್ಷ ಎಣಿಸಿ ಬದಲಿಸುವುದಕ್ಕಿಂತ ಅಳತೆ ಮಾಡಿ ಬದಲಿಸುವುದು ಒಳ್ಳೆಯದು. ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಕೀ ಹಾಕುವ ಮೊದಲು ಒಂದೊಂದು ಬ್ಯಾಟರಿಯನ್ನು ಬೇರೆ ಬೇರೆ ಅಳೆಯಿರಿ. 12.6 ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಉಳಿದಿರುವುದು ಸುಮಾರು ಕಾಲು ಭಾಗ ಮಾತ್ರ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಅಲ್ಲೇ ಏನೋ ಆಗಿದೆ. ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ತುಂಬಿದ ಬ್ಯಾಟರಿ ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ.

ಹೊಟ್ಟೆ ಉಬ್ಬಿದ ಬ್ಯಾಟರಿ, ಕೊಳೆತ ಮೊಟ್ಟೆಯ ವಾಸನೆ, ಒಂದೇ ಸೆಲ್ ಪದೇ ಪದೇ ನೀರು ಕುಡಿಯುವುದು, ಇವು ಕಂಡರೆ ಮೀಟರೂ ಬೇಡ. ಎಲ್ಲಾ ಸೆಲ್ಲೂ ಒಂದೇ ಸಮ ನೀರು ಕುಡಿಯುತ್ತಿದ್ದರೆ ಮಾತ್ರ ತಡೆಯಿರಿ. ಅದು ಆಲ್ಟರ್ನೇಟರಿನ ತಪ್ಪು ಇರಬಹುದು. ಅದನ್ನು ಸರಿ ಮಾಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದಕ್ಕೂ ಅದೇ ಗತಿ.

ಸೆಲ್ಫ್ ನಿಧಾನ ಆಯಿತೆಂದು ನೇರ ಬ್ಯಾಟರಿ ಅಂಗಡಿಗೆ ಓಡುವ ಮೊದಲು ಟರ್ಮಿನಲ್ ನೋಡಿ. ನಮ್ಮ ಉಪ್ಪುಗಾಳಿಗೆ ಬಿಳಿ, ಹಸಿರು ಹೂವು ಬೇಗ ಹಿಡಿಯುತ್ತದೆ. ಮೊದಲು ಅರ್ಥ್ ವೈರ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ತೊಳೆಯುವಾಗ ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಚಾಸಿಗೆ ಅರ್ಥ್ ಕೂರುವ ಜಾಗವನ್ನೂ ಉಜ್ಜಿ. ಎಷ್ಟೋ ‘ಸತ್ತ’ ಬ್ಯಾಟರಿಗಳು ಅರ್ಧ ಗಂಟೆಯ ಈ ಕೆಲಸಕ್ಕೆ ಎದ್ದು ಕೂತಿವೆ.

ಯಾರಿಗೆ ಯಾವುದು?

ಜೂನ್, ಜುಲೈನಲ್ಲಿ ನಿಲ್ಲುವ ಮೀನು ಲಾರಿಗೆ ನಾನು ಹೇಳುವುದು ಸೀಲ್ ಬ್ಯಾಟರಿ, ಜೊತೆಗೆ ಬ್ಯಾಟರಿಯ ಸಂಪರ್ಕ ತಪ್ಪಿಸುವ ಒಂದು ಕಟ್ ಆಫ್ ಸ್ವಿಚ್. ಉಪ್ಪು ನೀರು ಸುರಿಸಿಕೊಂಡು ಓಡುವ ಗಾಡಿ, ಟರ್ಮಿನಲ್ ಉಳಿಯಬೇಕು. ನಿಲ್ಲಿಸುವ ಮೊದಲು ಪೂರ್ತಿ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಬಿಡಿ. ನಡುವೆ ಒಮ್ಮೆ, ಜುಲೈ ಮೊದಲ ವಾರದಲ್ಲಿ, ಹೊರಗಿನ ಚಾರ್ಜರಿಗೆ ಹಾಕಿ. ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಓಡಿಸಿದರೆ ಸಾಕು ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಅಷ್ಟರಲ್ಲಿ ಸೆಲ್ಫ್ ತಿಂದಿದ್ದೂ ಪೂರ್ತಿ ವಾಪಸ್ ಬರುವುದಿಲ್ಲ. ಬಿಎಸ್6 ಗಾಡಿಯಾದರೆ ಕೀ ತೆಗೆದ ಕೂಡಲೇ ಕಟ್ ಆಫ್ ಮಾಡಬೇಡಿ. ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಪೈಪು ಖಾಲಿಯಾಗಲು ಕೆಲವು ನಿಮಿಷ ಬೇಕು.

ಚಿರೆಕಲ್ಲಿನ ಟಿಪ್ಪರಿಗೆ ನೀರು ಹಾಕುವ ಬ್ಯಾಟರಿಯೇ ಸರಿ, ನೀರು ನೋಡುವ ಡ್ರೈವರ್ ಇದ್ದರೆ. ದಿನಾ ಓಡುವುದರಿಂದ ಚಾರ್ಜಿಗೆ ಕೊರತೆ ಇಲ್ಲ, ಕುಲುಕಾಟದಿಂದ ಹೇಗೂ ಎರಡು ಎರಡೂವರೆ ವರ್ಷಕ್ಕೆ ಬದಲಿಸಬೇಕಾಗುತ್ತದೆ. ಉಳಿದ ದುಡ್ಡಿನಲ್ಲಿ ಹೊಸ ಕ್ಲಾಂಪು, ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿಸಿ.

ಶಿರಸಿಯ ಪಿಕಪ್‌ನವರ ಸಮಸ್ಯೆ ಬೇರೆ. ಹಳ್ಳಿಯಿಂದ ಪೇಟೆಗೆ ಸಣ್ಣ ಸಣ್ಣ ಓಟ, ಪ್ರತಿ ಮನೆ ಮುಂದೆ ಬಂದ್ ಮಾಡಿ ಮತ್ತೆ ಸ್ಟಾರ್ಟ್. ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಸೀಲ್ ಬ್ಯಾಟರಿ ಹಾಕಿಸಿ, ಆದರೆ ತಿಂಗಳಿಗೊಮ್ಮೆ ರಾತ್ರಿಯಿಡೀ ಮನೆಯಲ್ಲಿ ಚಾರ್ಜಿಗೆ ಇಡಿ. ಅಂಗಡಿಯವರು ದೊಡ್ಡ ಆಂಪ್ ಅವರ್ ಹಾಕಿಸಿ ಎಂದರೆ ಒಪ್ಪಬೇಡಿ, ಸಣ್ಣ ಓಟದಲ್ಲಿ ಅದು ಇನ್ನೂ ಹಸಿದೇ ಇರುತ್ತದೆ. ಕಂಪನಿ ಹೇಳಿದ ಅಳತೆಯೇ ಸರಿ.

ಅಂಕೋಲೆಯಿಂದ ಹುಬ್ಬಳ್ಳಿ ದಾಟಿ ದೂರ ಹೋಗುವ ಹೊಸ ಲಾರಿಗೆ, ಕೈಯಲ್ಲಿ ದುಡ್ಡು ಇದ್ದರೆ ಎಜಿಎಂ, ಇಲ್ಲವಾದರೆ ಒಳ್ಳೆಯ ಸೀಲ್ ಜೋಡಿ.

ಯಾವುದೇ ಆದರೂ ಮೂರು ವರ್ಷ ದಾಟಿದ ಜೋಡಿಯನ್ನು ಮೇ ಕೊನೆಯ ವಾರದೊಳಗೆ ಪರೀಕ್ಷೆ ಮಾಡಿಸಿ. ಅನುಮಾನ ಇದ್ದರೆ ಘಾಟಿ ಹತ್ತುವ ಗಾಡಿಯದನ್ನು ಬದಲಿಸಿಬಿಡಿ. ಊರೊಳಗೆ ಓಡುವ ಗಾಡಿಯಾದರೆ ಇನ್ನಷ್ಟು ದಿನ ನೋಡಬಹುದು.

ಅಂಗಡಿಯಲ್ಲಿ ಮೊದಲು ತಯಾರಿಕೆಯ ತಿಂಗಳು ಕೇಳಿ. ಆರು ತಿಂಗಳು ಶೆಲ್ಫಿನಲ್ಲಿ ಕೂತಿದ್ದು ಬೇಡ. ಅಲ್ಲೇ ಮೀಟರ್ ಇಟ್ಟು 12.5ಕ್ಕಿಂತ ಕಮ್ಮಿ ಇದ್ದರೆ ಬೇರೆ ತೋರಿಸಿ ಎನ್ನಿ. ವಾರಂಟಿಯಲ್ಲಿ ಪೂರ್ತಿ ಬದಲಿಸಿ ಕೊಡುವುದು ಎಷ್ಟು ತಿಂಗಳು, ಬೆಲೆಯಲ್ಲಿ ಬರೀ ರಿಯಾಯಿತಿ ಕೊಡುವುದು ಎಷ್ಟು ತಿಂಗಳು ಎಂದು ಬಿಡಿಸಿ ಕೇಳಿ. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಎರಡರ ಮೊತ್ತ. ಹಳೇ ಬ್ಯಾಟರಿಯನ್ನು ಅಲ್ಲೇ ಕೊಟ್ಟು ಅದರ ಬೆಲೆ ಬಿಲ್ಲಿನಲ್ಲಿ ಕಳೆಸಿ. ಬೇರೆ ಕಡೆ ಮಾರಿದರೆ ನೂರಿನ್ನೂರು ಜಾಸ್ತಿ ಸಿಗಬಹುದು, ಆದರೆ ಅವರು ಆಸಿಡ್ಡನ್ನು ಯಾರದೋ ಬಾವಿ ಪಕ್ಕ ಚೆಲ್ಲಿ ಸೀಸ ಮಾತ್ರ ಒಯ್ಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರವೂ ಹಳತು ಸರಿಯಾದ ದಾರಿಯಲ್ಲೇ ವಾಪಸ್ ಹೋಗಬೇಕು. ಎರಡೂ ಬ್ಯಾಟರಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ, ಅದರ ಫೋಟೋ ತೆಗೆದುಕೊಂಡು ಡ್ರೈವರಿನ ಫೋನಿಗೂ ಒಂದು ಕಳಿಸಿ.